ಗಾಲಿ ಮೇಲಿನ ಮೆಷಿನ್‌ಗಳಿಗೆ ಡಸ್ಟ್ ಕಲೆಕ್ಟರ್: ಪ್ಲೇನರ್ ಹತ್ತಿರ ಎಳೆತ ಸಾಲುತ್ತಿಲ್ಲ

ಕಲಬುರಗಿ_ಕಟ್ಟಿಗೆ:
ನಮಸ್ಕಾರ. ಮನೆ ಹಿಂದೆ 12 ಅಡಿಗೆ 18 ಅಡಿಯ ತಗಡಿನ ಶೆಡ್ ಇದೆ. ಟೇಬಲ್ ಸಾ, ಥಿಕ್‌ನೆಸ್ ಪ್ಲೇನರ್ (ಹಲಗೆ ಹೆರೆದು ದಪ್ಪ ಸಮ ಮಾಡುವ ಮೆಷಿನ್), ಬ್ಯಾಂಡ್ ಸಾ ಮೂರೂ ಗಾಲಿ ಮೇಲಿವೆ. ಬೇಕಾದ್ದನ್ನು ನಡುವೆ ಎಳೆದುಕೊಂಡು, ಕೆಲಸ ಮುಗಿದ ಮೇಲೆ ಗೋಡೆಗೆ ತಳ್ಳುತ್ತೇನೆ. ಮೂಲೆಯಲ್ಲಿ ಮರದ ಪುಡಿ ಎಳೆದುಕೊಳ್ಳುವ, ಮೇಲೊಂದು ಕೆಳಗೊಂದು ಚೀಲದ 2 ಎಚ್‌ಪಿ ಡಸ್ಟ್ ಕಲೆಕ್ಟರ್ ಇದೆ, ಅದಕ್ಕೆ 4 ಇಂಚಿನ ಫ್ಲೆಕ್ಸಿಬಲ್ ಪೈಪ್ ಸುಮಾರು 25 ಅಡಿ. ಕಲೆಕ್ಟರ್ ಬಾಯಿಗೆ ಕೈ ಹಿಡಿದರೆ ಜೋರಾಗಿ ಎಳೆಯುತ್ತದೆ. ಪ್ಲೇನರ್‌ಗೆ ಹಾಕಿದರೆ ಸಾಗವಾನಿ ಸಿಪ್ಪೆ ಪೈಪಿನಲ್ಲೇ ಕಟ್ಟಿಕೊಳ್ಳುತ್ತದೆ. ಗೋಡೆ ಸುತ್ತ ಪಿವಿಸಿ ಲೈನ್ ಹಾಕಿ ಪ್ರತಿ ಮೆಷಿನ್‌ಗೂ ಒಂದು ಕವಲು ಕೊಡಲಾ?

ಬೀದರ್_ರಂದಾ:
ಪೈಪಿನ ಒಳಮೈ ನುಣುಪಾ, ಏರುತಗ್ಗಾ? ಮೇಲಿನ ಚೀಲ ಕೊಡವಿದ್ದು ಯಾವಾಗ?

ಕಲಬುರಗಿ_ಕಟ್ಟಿಗೆ:
ಒಳಗೆ ಏರುತಗ್ಗು ಇದೆ. ಕೆಳಗಿನ ಚೀಲ ಆಗಾಗ ಖಾಲಿ ಮಾಡುತ್ತೇನೆ. ಮೇಲಿನದನ್ನು ಮುಟ್ಟಿಲ್ಲ.

ಬೀದರ್_ರಂದಾ:
ಹಾಗಾದ್ರೆ ಮೋಟಾರ್ ದೋಷ ಅಲ್ಲ ಅಣ್ಣಾ. 4 ಇಂಚಿನ ಪೈಪಿನಲ್ಲಿ ಸಿಪ್ಪೆ ಕೂರದೆ ಹೋಗಬೇಕಾದರೆ ಗಾಳಿ ನಿಮಿಷಕ್ಕೆ ಸುಮಾರು 4000 ಅಡಿ ವೇಗದಲ್ಲಿ ಓಡಬೇಕು. ಅಂದರೆ ನಿಮಿಷಕ್ಕೆ 350 ಘನ ಅಡಿ ಗಾಳಿ. ಏರುತಗ್ಗಿನ ಪೈಪ್ ನುಣುಪಾದ ಪೈಪಿಗಿಂತ ಎರಡು ಮೂರು ಪಟ್ಟು ಜಾಸ್ತಿ ತಡೆ ಕೊಡುತ್ತದೆ. 25 ಅಡಿ, ಅದರಲ್ಲೂ ನೆಲದ ಮೇಲೆ ಸುತ್ತಿಕೊಂಡು ಬಂದರೆ ಆ ವೇಗ ಉಳಿಯಲ್ಲ. ಮೇಲಿನ ಚೀಲದಲ್ಲಿ ಸಣ್ಣ ಪುಡಿ ಮೆತ್ತಿಕೊಂಡರೆ ಗಾಳಿ ಹೊರಗೆ ಹೋಗೋದಕ್ಕೇ ದಾರಿ ಇರಲ್ಲ. ಮೊದಲು ಅದನ್ನು ಬಿಚ್ಚಿ, ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಕೊಡವಿ. ಅಷ್ಟಕ್ಕೇ ಎಷ್ಟೋ ಸುಧಾರಿಸಬಹುದು.

ಪ್ರತಿ ಮೆಷಿನ್‌ಗೂ ಕವಲು ಬೇಡ. ಹೇಗೂ ಒಂದು ಸಲಕ್ಕೆ ಒಂದೇ ಮೆಷಿನ್ ಓಡಿಸುತ್ತೀರಿ, ಅದೂ ನಡುವಿನ ಜಾಗದಲ್ಲೇ. ಜೋಡಣೆ ಹೆಚ್ಚಾದಷ್ಟೂ ಗಾಳಿ ಸೋರುತ್ತದೆ. ಕಲೆಕ್ಟರ್‌ನಿಂದ 110 ಎಂಎಂ ಪಿವಿಸಿ ಪೈಪನ್ನು ನೇರವಾಗಿ ಆ ಜಾಗದವರೆಗೆ ತನ್ನಿ. ಅಲ್ಲಿಂದ ಐದಾರು ಅಡಿ ಫ್ಲೆಕ್ಸಿಬಲ್ ಸಾಕು. ಮೆಷಿನ್ ಪೈಪಿನ ಹತ್ತಿರ ಬರಲಿ, ಪೈಪ್ ಮೆಷಿನ್ ಹಿಂದೆ ಓಡೋದು ಬೇಡ. ತಿರುವಿಗೆ 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿ. ಪಿವಿಸಿಯ ಹೊರ ಅಳತೆ 110 ಎಂಎಂ ಆದ್ದರಿಂದ 4 ಇಂಚಿನ ಫ್ಲೆಕ್ಸಿಬಲ್ ಅದರ ಮೇಲೆ ಕೂರಲ್ಲ. ಹಳೆ ಟಯರ್ ಟ್ಯೂಬಿನ ತುಂಡನ್ನು ಎರಡರ ಮೇಲೂ ಏರಿಸಿ ಕ್ಲಾಂಪ್ ಬಿಗಿಯಿರಿ.

ನೆಲ ಶಹಾಬಾದ್ ಕಲ್ಲಿನದಾ? ಸಣ್ಣ ಗಾಲಿ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. 4 ಇಂಚಿನ ರಬ್ಬರ್ ಗಾಲಿ ಹಾಕಿ, ಬ್ರೇಕ್ ಇರುವುದನ್ನೇ ಕೊಳ್ಳಿ. ಪೈಪನ್ನು ಮೇಲಿನಿಂದ ತೂಗುಹಾಕಿದರೆ ಗಾಲಿ ಹತ್ತಿ ಒಡೆಯಲ್ಲ.

ಯಾದಗಿರಿ_ಉಳಿ:
ಕಲೆಕ್ಟರ್ ಅನ್ನು ಗೋಡೆ ಆಚೆ ಇಡಿ ಅಂತ ನನ್ನ ಸಲಹೆ. ಬಟ್ಟೆ ಚೀಲದಿಂದ ಸೋರುವ ಸಣ್ಣ ಪುಡಿಯೇ ಶ್ವಾಸಕೋಶಕ್ಕೆ ಇಳಿಯೋದು. ಮರದ ಪುಡಿ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಚಳಿ ದೇಶದವರು ಒಳಗಿನ ಬೆಚ್ಚನೆ ಗಾಳಿ ಹೊರಹೋಗುತ್ತದೆ ಅಂತ ಹಿಂಜರಿಯುತ್ತಾರೆ. ನಮ್ಮ ಕಡೆ ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಶೆಡ್‌ನ ಗಾಳಿ ಹೊರಹೋದರೆ ಒಳ್ಳೇದೇ ಅಲ್ವಾ? ಕಿಟಕಿ ಮಾತ್ರ ತೆರೆದಿಡಿ. ಒಳಗೆ ಗಾಳಿ ಬರದಿದ್ದರೆ ಎಳೆತ ಬೀಳುತ್ತದೆ. ಮಳೆಗೆ ಮೇಲೊಂದು ತಗಡು ಬೇಕು. ಚೀಲ ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಕಡೆಗೆ ಇರದಂತೆ ನೋಡಿಕೊಳ್ಳಿ.

2 ಎಚ್‌ಪಿ ಅಂದರೆ ಸುಮಾರು 1500 ವಾಟ್. ಟೇಬಲ್ ಸಾ ಇರುವ ಸಾಕೆಟ್‌ಗೇ ಅದನ್ನೂ ಹಾಕಬೇಡಿ. ಬೇರೆ 16 ಆಂಪ್ ಲೈನ್ ಎಳೆಸಿ.

ಕಲಬುರಗಿ_ಕಟ್ಟಿಗೆ:
ಇಬ್ಬರಿಗೂ ಧನ್ಯವಾದ. ಹೌದು, ಶಹಾಬಾದ್ ಕಲ್ಲೇ. ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್‌ಗೂ ಇದೇ ಪೈಪ್ ಸಾಕಾ?

ಬೀದರ್_ರಂದಾ:
ಸಾಲಲ್ಲ. ಸ್ಯಾಂಡರ್ ಬಾಯಿ ಸಣ್ಣದು. ಅಷ್ಟು ಸಣ್ಣ ತೂತಿನಿಂದ ಗಾಳಿ ಎಳೆಯುವ ಒತ್ತಡ ಈ ಕಲೆಕ್ಟರ್‌ಗೆ ಇಲ್ಲ. ಅದಕ್ಕೆ ವ್ಯಾಕ್ಯೂಮ್ ಕ್ಲೀನರ್ ಹಾಕಿ, ಜೊತೆಗೆ ಎನ್95 ಮಾಸ್ಕ್ ಇರಲಿ.