ಕಂಟ್ರೋಲ್ ವೆಲ್‌ನಲ್ಲೂ ಟಿಎನ್‌ಎಫ್ ಏರುತ್ತಿದೆ: ಮಲೇರಿಯಾ ಜಿಪಿಐ ಪ್ರಯೋಗಕ್ಕೆ ಸಹಾಯ ಬೇಕು

ಹೊಸನಗರದವಳು:
ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡ್ತಿದ್ದೇನೆ. ಮಲೇರಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಂ ತನ್ನ ಮೈಮೇಲಿನ ಹಲವು ಪ್ರೋಟೀನುಗಳನ್ನು ಜಿಪಿಐ ಅನ್ನೋ ಕೊಬ್ಬು-ಸಕ್ಕರೆಯ ಕೊಂಡಿಯಿಂದ ಪೊರೆಗೆ ಸಿಕ್ಕಿಸಿಕೊಂಡಿರುತ್ತದೆ. ಆ ಜಿಪಿಐ ತಾಗಿದರೆ ಮ್ಯಾಕ್ರೋಫೇಜುಗಳು (ರೋಗಾಣು ನುಂಗುವ ರಕ್ಷಣಾ ಸೆಲ್‌ಗಳು) ಟಿಎನ್‌ಎಫ್ ಅನ್ನೋ ಉರಿಯೂತದ ಸಂಕೇತ ಪ್ರೋಟೀನ್ ಬಿಡುತ್ತವೆ. ಇದನ್ನು ಇಲಿಯ ರಾ 264.7 ಅನ್ನೋ ಮ್ಯಾಕ್ರೋಫೇಜ್ ಸೆಲ್‌ಗಳಲ್ಲಿ ತೋರಿಸಬೇಕು. ಜಿಪಿಐ ಬೇರೆ ಲ್ಯಾಬಿನಿಂದ ಒಣಗಿಸಿದ ರೂಪದಲ್ಲಿ ಬಂದಿದೆ. ಟಿಎನ್‌ಎಫ್ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಜಿಪಿಐ ಹಾಕಿದ ವೆಲ್ (ಪ್ಲೇಟಿನ ಗುಳಿ) ಚೆನ್ನಾಗಿ ಹಳದಿ ಆಗುತ್ತದೆ. ಆದ್ರೆ ಕಂಟ್ರೋಲ್ ವೆಲ್ಲೂ ಹೆಚ್ಚುಕಡಿಮೆ ಅಷ್ಟೇ ಹಳದಿ! ಓಡಿ (ಬಣ್ಣ ಎಷ್ಟು ಗಾಢ ಅನ್ನೋ ಅಳತೆ) 1.3 ಎದುರು 1.1. ಕಿಟ್ ಹಾಳಾಗಿದೆಯಾ?

ಅಡಿಕೆಮರ:
ಸೆಲ್‌ಗೆ ಮೈಕೋಪ್ಲಾಸ್ಮಾ (ಕಲ್ಚರ್‌ಗೆ ಹತ್ತುವ ಪುಟ್ಟ ಬ್ಯಾಕ್ಟೀರಿಯಾ) ಹತ್ತಿರಬೇಕು. ಎಲ್ಲಾ ಎಸೆದು ಹೊಸ ವಯಲ್ ತೆಗೀರಿ.

ತುಂಗಾತೀರ:
ತಡೀರಿ ಮಾರಾಯ್ರೆ, ಎಸೆಯೋದು ಕೊನೆಗೆ ಇದ್ದೇ ಇದೆ. ಮೊದಲು ಇಷ್ಟು ಹೇಳಿ: ಸೆಲ್ಲೇ ಇಲ್ಲದ ಬ್ಲ್ಯಾಂಕ್ ಎಷ್ಟು? ಕಂಟ್ರೋಲ್‌ಗೆ ಬರೀ ಮೀಡಿಯಂ ಹಾಕಿದ್ರಾ, ಇಲ್ಲ ಜಿಪಿಐ ಕಲಸಿದ ದ್ರಾವಣವನ್ನೂ ಹಾಕಿದ್ರಾ?

ಹೊಸನಗರದವಳು:
ಬ್ಲ್ಯಾಂಕ್ 0.06. ಕಂಟ್ರೋಲ್‌ಗೆ ಪಿಬಿಎಸ್ (ಫಾಸ್ಫೇಟ್ ಉಪ್ಪುನೀರು) ಹಾಕಿದ್ದೆ ಸರ್, ಜಿಪಿಐ ಕಲಸಿದ್ದೂ ಅದರಲ್ಲೇ. ನೀವು ಕೇಳಿದ ಮೇಲೆ ಬರೀ ಮೀಡಿಯಂ ಹಾಕಿ ನೋಡಿದೆ, 0.15.

ತುಂಗಾತೀರ:
ಹಾಗಾದ್ರೆ ಕಿಟ್ ಸರಿ ಇದೆ. ಮೈಕೋಪ್ಲಾಸ್ಮಾ ಆಗಿದ್ರೆ ಮೀಡಿಯಂ ವೆಲ್ಲೂ ಸುಮ್ನೆ ಇರ್ತಿರಲಿಲ್ಲ. ಪಿಬಿಎಸ್ ಮೇಲೇ ಅನುಮಾನ. ಯಾವ ನೀರಲ್ಲಿ ಮಾಡಿದ್ರಿ?

ಹೊಸನಗರದವಳು:
ಲ್ಯಾಬಿನದೇ ಡಿಸ್ಟಿಲ್ಡ್ ವಾಟರ್. ಈ ಮಳೆಗೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಅದಕ್ಕೇ ಇದ್ದಾಗ ದೊಡ್ಡ ಕ್ಯಾನ್‌ಗೆ ಹಿಡಿದಿಡುತ್ತಾರೆ. ಈಗಷ್ಟೇ ಕ್ಯಾನ್ ಒಳಗೆ ಕೈ ಹಾಕಿ ನೋಡಿದೆ. ನಲ್ಲಿ ಕೂರುವ ಜಾಗದ ಸುತ್ತ ಬೆರಳು ಜಾರುತ್ತದೆ, ಟಿಶ್ಯೂದಲ್ಲಿ ಒರೆಸಿದರೆ ತೆಳ್ಳಗೆ ಲೋಳೆ ಬಂತು. ಆದ್ರೆ ಪಿಬಿಎಸ್ ಆಟೋಕ್ಲೇವ್ ಆಗಿದೆ. ಎಲ್ಲಾ ಸತ್ತಿರಬೇಕಲ್ವಾ?

ತುಂಗಾತೀರ:
ಬ್ಯಾಕ್ಟೀರಿಯಾ ಸತ್ತಿವೆ, ಸರಿ. ಅವುಗಳ ಹೊರಪೊರೆಯ ಎಲ್‌ಪಿಎಸ್ ಅನ್ನೋ ಕೊಬ್ಬು-ಸಕ್ಕರೆಯ ವಸ್ತು ಎಲ್ಲಿಗೂ ಹೋಗಿಲ್ಲ. 121 ಡಿಗ್ರಿಯ ಆಟೋಕ್ಲೇವ್‌ಗೆ ಅದು ಬಗ್ಗಲ್ಲ. ಗಾಜಿನ ಸಾಮಾನಾದರೆ 250 ಡಿಗ್ರಿ ಒಣ ಬಿಸಿಯಲ್ಲಿ ಅರ್ಧ ಗಂಟೆ ಇಡಬೇಕು. ರಾ ಸೆಲ್‌ಗಳಿಗೋ, ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂ ಎಲ್‌ಪಿಎಸ್ ಇದ್ದರೂ ಸಾಕು, ಟಿಎನ್‌ಎಫ್ ಸುರಿಸಿಬಿಡುತ್ತವೆ.

ನಿಮ್ಮ ಪ್ರಯೋಗಕ್ಕೆ ಇದು ಯಾಕೆ ಜಾಸ್ತಿ ತೊಂದರೆ ಅಂದ್ರೆ, ಎಲ್‌ಪಿಎಸ್ ಮತ್ತು ಜಿಪಿಐ ಒಂದೇ ಮನೆಗೆ ಬೇರೆ ಬೇರೆ ಬಾಗಿಲಿಂದ ಬರುತ್ತವೆ. ಬಾಗಿಲು ಅಂದ್ರೆ ಸೆಲ್ಲಿನ ಟಿಎಲ್‌ಆರ್ ಅನ್ನೋ ಗ್ರಾಹಕಗಳು. ಎಲ್‌ಪಿಎಸ್ ಹಿಡಿಯೋದು ಟಿಎಲ್‌ಆರ್4. ಫಾಲ್ಸಿಪ್ಯಾರಂ ಜಿಪಿಐಯನ್ನು ಮುಖ್ಯವಾಗಿ ಹಿಡಿಯೋದು ಟಿಎಲ್‌ಆರ್2. ಪೆನ್ ಸ್ಟೇಟ್‌ನ ಚನ್ನೇಗೌಡರ ಗುಂಪು 2005ರಲ್ಲಿ ಇದನ್ನು ಬಿಡಿಸಿ ತೋರಿಸಿತು. ಮೂರು ಕೊಬ್ಬಿನ ಬಾಲ ಇರುವ ಜಿಪಿಐ ಆದರೆ ಟಿಎಲ್‌ಆರ್2ಕ್ಕೆ ಟಿಎಲ್‌ಆರ್1 ಜೊತೆಯಾಗುತ್ತದೆ, ಎರಡೇ ಬಾಲ ಇದ್ದರೆ ಟಿಎಲ್‌ಆರ್6. ಸ್ವಲ್ಪ ಮಟ್ಟಿಗೆ ಟಿಎಲ್‌ಆರ್4 ಕೂಡ ಹಿಡಿಯುತ್ತದೆ. ಸಂಕೇತ ಒಳಗೆ ಬಂದ ಮೇಲೆ ದಾರಿ ಒಂದೇ: ಅದನ್ನು ಸಾಗಿಸುವ ಮೈಡಿ88, ಎನ್‌ಎಫ್-ಕಪ್ಪಾ-ಬಿ ಪ್ರೋಟೀನುಗಳು, ಕೊನೆಗೆ ಅದೇ ಟಿಎನ್‌ಎಫ್. ಎಲೈಸಾಗೆ ಕಾಣೋದು ಕೊನೆಯದು ಮಾತ್ರ.

ಬೇಜಾರು ಮಾಡ್ಕೋಬೇಡಿ. ಶಾಖ ಪ್ರೋಟೀನುಗಳು (ಹೀಟ್ ಶಾಕ್ ಪ್ರೋಟೀನ್) ಟಿಎನ್‌ಎಫ್ ಬಿಡಿಸುತ್ತವೆ ಅಂತ ಒಂದು ಕಾಲದಲ್ಲಿ ಪೇಪರ್ ಮೇಲೆ ಪೇಪರ್ ಬಂದವು. ಆಮೇಲೆ ನೋಡಿದರೆ ಎಷ್ಟೋ ಕಡೆ ಕೆಲಸ ಮಾಡಿದ್ದು ಆ ಪ್ರೋಟೀನು ತಯಾರಿಸಲು ಬಳಸಿದ ಇ. ಕೋಲೈ ಬ್ಯಾಕ್ಟೀರಿಯಾದಿಂದ ಬಂದ ಎಲ್‌ಪಿಎಸ್!

ಈಗ ಮಾಡಬೇಕಾದ್ದು: ಇಂಜೆಕ್ಷನ್‌ಗೆ ಬಳಸುವ ನೀರು ತನ್ನಿ. ಅದರಲ್ಲಿ ಎಂಡೋಟಾಕ್ಸಿನ್ (ಅಂದ್ರೆ ಇದೇ ಎಲ್‌ಪಿಎಸ್) ಮಿಲಿಲೀಟರಿಗೆ 0.25 ಯೂನಿಟ್ ದಾಟುವ ಹಾಗಿಲ್ಲ. ಉಪ್ಪಿನ ಡಬ್ಬಿಯೂ ಹೊಸದಿರಲಿ. ಪ್ರತಿ ವೆಲ್‌ಗೂ ಪಾಲಿಮಿಕ್ಸಿನ್ ಬಿ ಅನ್ನೋ ಆಂಟಿಬಯಾಟಿಕ್ ಹಾಕಿದ ಜೋಡಿ ಇಡಿ, ಮಿಲಿಲೀಟರಿಗೆ 10 ಮೈಕ್ರೋಗ್ರಾಂ. ಅದು ಎಲ್‌ಪಿಎಸ್‌ನ ಲಿಪಿಡ್ ಎ ಭಾಗಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತದೆ. ಪಾಲಿಮಿಕ್ಸಿನ್ ಒಂದನ್ನೇ ಹಾಕಿದ ವೆಲ್ಲೂ ಒಂದಿರಲಿ.

ಅಡಿಕೆಮರ:
ಅಷ್ಟೆಲ್ಲಾ ಯಾಕೆ? ಜಿಪಿಐಯನ್ನು ಕುದಿಸಿ ಹಾಕಿ. ಕುದಿಸಿದ ಮೇಲೂ ಟಿಎನ್‌ಎಫ್ ಬಂದರೆ ಎಲ್‌ಪಿಎಸ್ಸೇ.

ತುಂಗಾತೀರ:
ಅದು ಪ್ರೋಟೀನಿಗೆ ಸರಿ. ಜಿಪಿಐ ಪ್ರೋಟೀನ್ ಅಲ್ಲವಲ್ಲ, ಕುದಿಸಿದರೂ ಉಳಿಯುತ್ತದೆ. ಏನೂ ಗೊತ್ತಾಗಲ್ಲ. ಬೇಕಿದ್ರೆ ನೈಟ್ರಸ್ ಆಮ್ಲದಿಂದ ಜಿಪಿಐಯನ್ನು ಮುರಿದು ನೋಡಬಹುದು, ಆದರೆ ಅದು ಆಮೇಲಿನ ಮಾತು.

ಹೊಸನಗರದವಳು:
ಹೊಸ ನೀರು, ಹೊಸ ಪಿಬಿಎಸ್, ತೆರೆಯದ ಟ್ಯೂಬಿನ ಜಿಪಿಐ. ಪಿಬಿಎಸ್ ವೆಲ್ 0.17ಕ್ಕೆ ಇಳಿಯಿತು! ಪಾಲಿಮಿಕ್ಸಿನ್ ಒಂದೇ ಹಾಕಿದ್ದೂ ಅಷ್ಟೇ. ಹೋಲಿಕೆಗೆ ಬೇಕಂತಲೇ ಎಲ್‌ಪಿಎಸ್ ಹಾಕಿದ ವೆಲ್ ಪಾಲಿಮಿಕ್ಸಿನ್ ಜೊತೆ 1.6ರಿಂದ 0.2ಕ್ಕೆ ಬಿತ್ತು. ಜಿಪಿಐ ಈಗ 0.78, ಪಾಲಿಮಿಕ್ಸಿನ್ ಜೊತೆ 0.70. ಈ ಸಣ್ಣ ಇಳಿಕೆಗೆ ತಲೆ ಕೆಡಿಸಿಕೊಳ್ಳಬೇಕಾ?

ತುಂಗಾತೀರ:
ವೆಲ್‌ನಿಂದ ವೆಲ್‌ಗೆ ಅಷ್ಟು ವ್ಯತ್ಯಾಸ ಬರುವುದೇ, ಮೂರು ವೆಲ್‌ಗಳ ಸರಾಸರಿ ನೋಡಿ. ಮುಂದೆ ಟಿಎಲ್‌ಆರ್2 ತಡೆಯುವ ಆಂಟಿಬಾಡಿ ಹಾಕಿ. ಆಗ 0.70 ಬಹುಪಾಲು ಬಿದ್ದರೆ ನಿಮ್ಮ ವಾದ ಗಟ್ಟಿ. ಆದರೆ ಮೈಕೋಪ್ಲಾಸ್ಮಾದ ಲಿಪೋಪ್ರೋಟೀನೂ (ಕೊಬ್ಬು ಅಂಟಿದ ಪ್ರೋಟೀನ್) ಬರುವುದು ಟಿಎಲ್‌ಆರ್2 ಬಾಗಿಲಿಂದಲೇ, ಪಾಲಿಮಿಕ್ಸಿನ್ ಅದನ್ನು ತಡೆಯಲ್ಲ. ಪರಾವಲಂಬಿಯ ಕಲ್ಚರ್‌ಗೇ ಮೈಕೋಪ್ಲಾಸ್ಮಾ ಹತ್ತಿದ್ದರೆ ಜಿಪಿಐ ಜೊತೆಗೇ ನಿಮ್ಮ ಟ್ಯೂಬಿಗೆ ಬಂದಿರುತ್ತದೆ. ಹಾಗಾಗಿ ಅಡಿಕೆಮರ ಅವರ ಅನುಮಾನ ಪೂರ್ತಿ ಬಿಡಬೇಡಿ. ಜಿಪಿಐ ಕಳಿಸಿದವರ ಹತ್ತಿರ ಎರಡು ಕೇಳಿ: ಆ ಕಲ್ಚರ್‌ನ ಮೈಕೋಪ್ಲಾಸ್ಮಾ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಫಲಿತಾಂಶ, ಮತ್ತೆ ಸೋಂಕಿಲ್ಲದ ಕೆಂಪು ರಕ್ತಕಣಗಳಿಂದ ಅದೇ ವಿಧಾನದಲ್ಲಿ ತೆಗೆದ ಒಂದು ಟ್ಯೂಬ್. ನಿಮ್ಮ ಪಿಬಿಎಸ್ ವೆಲ್ ಪಕ್ಕದಲ್ಲಿ ಅದೂ ಕೂರಲೇಬೇಕು.