ನಕಲು ಮಾಡಿದ ಫೈಲುಗಳು ಒಂದೊಂದಾಗಿ ಕೆಡುತ್ತಿವೆ: ಹಾರ್ಡ್ ಡಿಸ್ಕ್‌ನ ದೋಷವೇ, ಬೇರೇನಾದರೂ ಇದೆಯೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮೂರು ವಾರಗಳಿಂದ ಫೈಲುಗಳು ಕೆಡುತ್ತಿದ್ದು, ಕಾರಣ ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ. ವಿವರ ಸ್ವಲ್ಪ ಉದ್ದವಾಗಿದೆ, ಮನ್ನಿಸಬೇಕು.

ಇದು 2018ರಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ ಡೆಸ್ಕ್‌ಟಾಪ್. 240 ಜಿಬಿಯ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10 ಇದೆ. 1 ಟಿಬಿ ಹಾರ್ಡ್ ಡಿಸ್ಕ್ ಡಿ ಡ್ರೈವ್ ಆಗಿದ್ದು, ಮನೆಯ ಫೋಟೋಗಳು, ಕಾಗದಪತ್ರಗಳು ಎಲ್ಲವೂ ಅದರಲ್ಲೇ ಇದ್ದವು. ತೀರಾ ನಿಧಾನವಾಯಿತೆಂದು ಕಳೆದ ತಿಂಗಳು ಅಂಗಡಿಗೆ ಒಯ್ದಾಗ, ಮೊದಲಿದ್ದ 8 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ ಸ್ಟಿಕ್ ಸೇರಿಸಿ, ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು. ಅದಾದ ಮೇಲೆ ನಾನು 2 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು, ಸುಮಾರು 60 ಜಿಬಿಯಷ್ಟು ಫೋಟೋ ಮತ್ತು ದಾಖಲೆಗಳನ್ನು ಅದಕ್ಕೆ ಸಾಗಿಸಿದೆ. ಜಾಗ ಖಾಲಿಯಾಗಲಿ ಎಂಬ ಆಸೆಯಿಂದ ಕಾಪಿ ಮಾಡದೆ ಕಟ್ ಮಾಡಿ ಪೇಸ್ಟ್ ಮಾಡಿದೆ ಎಂಬುದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಈಗಿನ ಸ್ಥಿತಿ ಹೀಗಿದೆ. ಮಗಳ ನಾಮಕರಣದ ಫೋಟೋಗಳಲ್ಲಿ ಕೆಲವು ಅರ್ಧದವರೆಗೆ ಸರಿಯಾಗಿವೆ. ತೊಟ್ಟಿಲಿಗೆ ಕಟ್ಟಿದ ಹೂವು ಕಾಣುತ್ತದೆ, ತೊಟ್ಟಿಲೊಳಗಿನ ಮಗು ಇರಬೇಕಾದ ಕಡೆ ಬರೀ ಬೂದು ಬಣ್ಣ. ಕೆಲವು ವರ್ಡ್ ಫೈಲುಗಳು ತೆರೆಯುವುದೇ ಇಲ್ಲ. ಜಿಪ್ ಮಾಡಿಟ್ಟಿದ್ದ ಎರಡು ಫೈಲುಗಳನ್ನು ಬಿಚ್ಚಲು ಹೋದರೆ ಸಿಆರ್‌ಸಿ (ಒಳವಿಷಯ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ದೋಷವೆಂದು ಬರುತ್ತದೆ. ನಮ್ಮ ತಂದೆಯವರು 2006ರ ಸುಮಾರಿಗೆ ಟೈಪ್ ಮಾಡಿಸಿದ್ದ ಲೇಖನಗಳು ತೆರೆಯುತ್ತವೆಯಾದರೂ, ಕನ್ನಡದ ಬದಲು ತಲೆಯ ಮೇಲೆ ಗೆರೆ, ಚುಕ್ಕೆಗಳಿರುವ ಇಂಗ್ಲಿಷ್ ಅಕ್ಷರಗಳು ಪುಟ ತುಂಬ ಕಾಣುತ್ತವೆ.

ಹಾರ್ಡ್ ಡಿಸ್ಕ್ ಸಾಯುತ್ತಿದೆ, ಬದಲಿಸಿ ಎಂದು ಅಂಗಡಿಯವರು ಹೇಳುತ್ತಾರೆ. ವಿಂಡೋಸ್‌ನದೇ ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ ಓಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಮ್ಮ ಭಾವನವರು ಹೇಳುತ್ತಾರೆ. ಮಳೆಗಾಲವಾದ್ದರಿಂದ ಕರೆಂಟ್ ದಿನಕ್ಕೆ ನಾಲ್ಕಾರು ಬಾರಿ ಹೋಗಿ ಬರುತ್ತದೆ. ಇವುಗಳಲ್ಲಿ ಯಾವುದನ್ನು ನಂಬಲಿ?

ಹಳೇ ಮದರ್‌ಬೋರ್ಡ್

ಮೊದಲಿಗೆ, ದಯವಿಟ್ಟು ಚೆಕ್‌ಡಿಸ್ಕ್ ಓಡಿಸಬೇಡಿ. ಡಿ ಡ್ರೈವ್‌ಗೆ ಹೊಸದಾಗಿ ಏನನ್ನೂ ಬರೆಯಲೂಬೇಡಿ. ಬ್ರೌಸರ್‌ನ ಡೌನ್‌ಲೋಡುಗಳು ಆ ಡ್ರೈವ್‌ಗೇ ಹೋಗುತ್ತಿದ್ದರೆ ಅದನ್ನು ಇಂದೇ ಬದಲಿಸಿ. ಕಟ್ ಮಾಡಿದ ಫೈಲುಗಳು ಹಾರ್ಡ್ ಡಿಸ್ಕ್‌ನಲ್ಲಿ ಆ ಕ್ಷಣವೇ ಅಳಿಸಿಹೋಗುವುದಿಲ್ಲ. ಡಿಸ್ಕ್‌ನಲ್ಲಿ ಫೈಲುಗಳ ಲೆಕ್ಕವಿಡುವ ವಿಂಡೋಸ್‌ನ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ತನ್ನ ಪಟ್ಟಿಯಲ್ಲಿ ಆ ಜಾಗ ಖಾಲಿಯಿದೆ ಎಂದು ಗುರುತು ಹಾಕುತ್ತದೆಯೇ ಹೊರತು, ಅದರ ಮೇಲೆ ಬೇರೊಂದು ಫೈಲ್ ಬಂದು ಕೂರುವವರೆಗೆ ಹಳೆಯ ಬೈಟುಗಳು ಇದ್ದಲ್ಲೇ ಇರುತ್ತವೆ. ನಿಮ್ಮದು ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ವ್ಯವಸ್ಥೆ ಅವುಗಳನ್ನು ಆಗಲೇ ಗುಡಿಸಿಬಿಟ್ಟಿರುತ್ತಿತ್ತು. ಹಳೆಯ ಸುತ್ತುವ ಡಿಸ್ಕ್ ಆಗಿರುವುದು ಇಲ್ಲಿ ನಿಮ್ಮ ಪುಣ್ಯ.

ಚೆಕ್‌ಡಿಸ್ಕ್ ಬಗ್ಗೆ ಅನೇಕರಲ್ಲಿ ತಪ್ಪು ಕಲ್ಪನೆಯಿದೆ. ಅದು ನೋಡುವುದು ಫೈಲ್ ಸಿಸ್ಟಮ್‌ನ ಲೆಕ್ಕಪತ್ರವನ್ನು, ಅಂದರೆ ಯಾವ ಫೈಲ್ ಎಲ್ಲಿದೆ, ಡಿಸ್ಕ್‌ನ ಯಾವ ಕ್ಲಸ್ಟರ್ (ಜಾಗದ ತುಂಡು) ಯಾರದು ಎಂಬುದನ್ನು ಮಾತ್ರ. ಫೋಟೋದ ಒಳಗಿನ ಒಂದು ಬೈಟ್ ಬದಲಾಗಿದ್ದರೆ ಅದು ಚೆಕ್‌ಡಿಸ್ಕ್‌ಗೆ ಗೊತ್ತಾಗುವುದೇ ಇಲ್ಲ, ಏಕೆಂದರೆ ಎನ್‌ಟಿಎಫ್‌ಎಸ್ ಫೈಲಿನ ಒಳವಿಷಯಕ್ಕೆ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಇಟ್ಟುಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಡಿಸ್ಕ್ ನಿಜವಾಗಿಯೂ ಸಾಯುತ್ತಿದ್ದರೆ ಇದು ಅದಕ್ಕೆ ಇನ್ನಷ್ಟು ದಣಿವು ಕೊಡುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಸರಿಯಿರುವ ಲೆಕ್ಕವನ್ನೇ ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ. ರೋಗ ಯಾವುದೆಂದು ತಿಳಿಯುವ ಮುನ್ನ ದುರಸ್ತಿಗೆ ಕೈಹಾಕಿದ್ದರಿಂದಲೇ, ಉಳಿಯಬಹುದಾಗಿದ್ದ ಫೈಲುಗಳು ಹೋದದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಎರಡು ಪರೀಕ್ಷೆಗಳನ್ನು ಮಾಡಿ ಫಲಿತಾಂಶ ತಿಳಿಸಿ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದು, 05, ಸಿ5, ಸಿ6, ಸಿ7 ಎಂಬ ಸಾಲುಗಳ ಕೊನೆಯ ಅಂಕಣದ ಮೌಲ್ಯಗಳನ್ನು ಬರೆದುಕೊಳ್ಳಿ. 05 ಎಂದರೆ ಡಿಸ್ಕ್ ಈಗಾಗಲೇ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳು, ಅಂದರೆ ಡಿಸ್ಕ್‌ನ ಚಿಕ್ಕ ತುಂಡುಗಳು. ಸಿ5 ಎಂದರೆ ಓದಲು ತಡವರಿಸುತ್ತಿರುವವು. ಸಿ6 ಎಂದರೆ ಓದಲು ಆಗದೇ ಹೋದವು. ಸಿ7 ಏರುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಮೇಲೆ ಅನುಮಾನಪಡಬೇಕು.

ಎರಡನೆಯದಾಗಿ, 3–4 ಜಿಬಿಯಷ್ಟು ದೊಡ್ಡದಾದ ಒಂದು ವಿಡಿಯೊ ಆರಿಸಿಕೊಂಡು, ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್‌ನ ಹ್ಯಾಶ್‌ಫೈಲ್ ಆದೇಶದಿಂದ ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಒಳವಿಷಯದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ತೆಗೆಯಿರಿ. 64 ಅಕ್ಷರಗಳ ಒಂದು ಸಾಲು ಬರುತ್ತದೆ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಅದನ್ನೇ ಮತ್ತೆ ತೆಗೆಯಿರಿ. ಹೀಗೆ ನಾಲ್ಕು ಬಾರಿ. ರೀಸ್ಟಾರ್ಟ್ ಮಾಡದೆ ತೆಗೆದರೆ ವಿಂಡೋಸ್ ಆ ಫೈಲನ್ನು ಡಿಸ್ಕ್‌ನಿಂದ ಓದದೆ, ಮೊದಲ ಬಾರಿ ರ‍್ಯಾಮ್‌ನಲ್ಲಿ ಇರಿಸಿಕೊಂಡ ಪ್ರತಿಯನ್ನೇ ಮತ್ತೆ ಓದುವ ಸಂಭವ ಹೆಚ್ಚು, ಆಗ ಪರೀಕ್ಷೆಗೆ ಅರ್ಥವಿರುವುದಿಲ್ಲ. ಯಾರೂ ಮುಟ್ಟದ ಫೈಲಿನ ಹ್ಯಾಶ್ ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಬಂದರೆ ಕೆಟ್ಟಿರುವುದು ಫೈಲ್ ಅಲ್ಲ, ಓದುವ ದಾರಿಯಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದರ್ಥ.

ಅಕ್ಷರಪ್ರಿಯ

ತಂದೆಯವರ ಲೇಖನಗಳ ವಿಷಯದಲ್ಲಿ ನೆಮ್ಮದಿಯಿಂದಿರಿ. ಅವು ಬಹುಮಟ್ಟಿಗೆ ಕೆಟ್ಟಿಲ್ಲ. 2006ರ ಸುಮಾರಿಗೆ ಕನ್ನಡ ಡಿಟಿಪಿ ಹೆಚ್ಚಾಗಿ ನಡೆಯುತ್ತಿದ್ದುದು ಯೂನಿಕೋಡ್‌ನಲ್ಲಿ ಅಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಹಾಗೆಯೇ ಬರಹ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳ ಆಕಾರವನ್ನು ಕೂರಿಸಿದ್ದವು. ಫಾಂಟ್ ಇದ್ದಾಗ ಕನ್ನಡ, ಇಲ್ಲದಾಗ ನೀವು ಹೇಳಿದ ಆ ಗೆರೆ, ಚುಕ್ಕೆಗಳ ಪುಟ. ಅಂಗಡಿಯವರು ವಿಂಡೋಸನ್ನು ಹೊಸದಾಗಿ ಹಾಕಿದಾಗ ಹಳೆಯ ಫಾಂಟುಗಳು ಹೋಗಿವೆ, ಅಷ್ಟೇ.

ವರ್ಡ್‌ನಲ್ಲಿ ಆ ಪಠ್ಯದ ಮೇಲೆ ಕರ್ಸರ್ ಇಟ್ಟು ಮೇಲಿನ ಪೆಟ್ಟಿಗೆಯಲ್ಲಿ ಯಾವ ಫಾಂಟಿನ ಹೆಸರಿದೆ ನೋಡಿ. ನುಡಿ ಎಂದು ಆರಂಭವಾಗುವ ಹೆಸರಿದ್ದರೆ ನುಡಿ ತಂತ್ರಾಂಶವನ್ನು ಹಾಕಿಕೊಂಡರೆ ಸಾಕು, ಲೇಖನ ಇದ್ದ ಹಾಗೆಯೇ ಎದ್ದು ಬರುತ್ತದೆ. ಆಮೇಲೆ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಬೇಕು. ಅಲ್ಲಿಯವರೆಗೆ ಆ ಫೈಲುಗಳಲ್ಲಿ ಏನನ್ನೂ ತಿದ್ದಿ ಸೇವ್ ಮಾಡಬೇಡಿ. ಹೀಗೆ ಕೆಟ್ಟಿವೆಯೆಂದು ತಿಳಿದು ಹಳೆಯ ಹಸ್ತಪ್ರತಿಯ ಫೈಲುಗಳನ್ನು ಅಳಿಸಿಯೇಬಿಟ್ಟವರು ನನ್ನ ಪರಿಚಯದಲ್ಲಿದ್ದಾರೆ.

ಇನ್ವರ್ಟರ್ ಅಣ್ಣ

ಕರೆಂಟನ್ನು ಯಾಕೆ ಬಿಟ್ಟಿರಿ? ನಿಮ್ಮ ಇನ್ವರ್ಟರ್‌ನ ಹಿಂಬದಿಯಲ್ಲಿ ಯುಪಿಎಸ್ ಮೋಡ್‌ನ ಸ್ವಿಚ್ ಇದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಸಮಯ ಫ್ಯಾನ್, ದೀಪಗಳಿಗೆ ಸಾಕಾದರೂ ಡೆಸ್ಕ್‌ಟಾಪ್ ಅಷ್ಟರಲ್ಲಿ ಆಫ್ ಆಗಿ ಮತ್ತೆ ಆನ್ ಆಗಬಹುದು. ನಮ್ಮ ಮನೆಯಲ್ಲಿ ಎರಡು ವರ್ಷ ಇದೇ ಗೋಳು ಇತ್ತು.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ನುಡಿ ಹಾಕಿಕೊಂಡೆ, ಹನ್ನೊಂದು ಲೇಖನಗಳೂ ಅಕ್ಷರಶಃ ಹಾಗೆಯೇ ಇವೆ. ತಂದೆಯವರು ಪಕ್ಕದಲ್ಲೇ ಕುಳಿತು ಎರಡನ್ನು ಪೂರ್ತಿ ಓದಿಸಿಕೊಂಡರು. ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿತ್ತು, ಯುಪಿಎಸ್ ಮೋಡ್‌ಗೆ ಬದಲಿಸಿದ್ದೇನೆ.

ಪರೀಕ್ಷೆಯ ಫಲಿತಾಂಶ: 05, ಸಿ5, ಸಿ6, ಸಿ7 ನಾಲ್ಕೂ ಸೊನ್ನೆ. ಹ್ಯಾಶ್ ಮಾತ್ರ ಮೊದಲ ಎರಡು ಬಾರಿ ಒಂದೇ ಬಂದು, ಮೂರನೆಯ ಮತ್ತು ನಾಲ್ಕನೆಯ ಬಾರಿ ಬೇರೆಯಾಯಿತು. ಆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಇನ್ನೊಂದು ವಿಷಯ: ಆಲ್ಬಮ್ ಮಾಡಿಸಲು ಸ್ಟುಡಿಯೊಗೆ ಕೊಟ್ಟಿದ್ದ ಪೆನ್ ಡ್ರೈವ್ ಸಿಕ್ಕಿತು. ಅದರಲ್ಲಿ ನಾಮಕರಣದ ನಲವತ್ತು ಫೋಟೋಗಳು ಸರಿಯಾಗಿವೆ. ಕೆಟ್ಟ ಪ್ರತಿಯೂ ಸರಿಯಾದ ಪ್ರತಿಯೂ ಒಟ್ಟಿಗೆ ಇರುವುದರಿಂದ ಏನಾದರೂ ತಿಳಿಯಬಹುದೇ?

ಹಳೇ ಮದರ್‌ಬೋರ್ಡ್

ಖಂಡಿತ ತಿಳಿಯುತ್ತದೆ. ಒಂದೇ ಫೋಟೋದ ಎರಡೂ ಪ್ರತಿಗಳನ್ನು ಕೊಟ್ಟು ಎಫ್‌ಸಿ ಆದೇಶವನ್ನು ಬಿ ಎಂಬ ಆಯ್ಕೆಯೊಂದಿಗೆ ಓಡಿಸಿ. ಎರಡರ ನಡುವೆ ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಆ ಬೈಟಿನ ವಿಳಾಸ, ಅದರ ಮುಂದೆ ಎರಡೂ ಪ್ರತಿಗಳಲ್ಲಿನ ಮೌಲ್ಯ ಅಕ್ಕಪಕ್ಕ ಬರುತ್ತದೆ. ಬಂದ ಸಾಲುಗಳನ್ನು ಇಲ್ಲಿ ಹಾಕಿ.

ತುಂಗಾತೀರ

5 ಎಂಬಿಗೂ ಹೆಚ್ಚಿರುವ ಫೋಟೋದಲ್ಲಿ ಬಂದದ್ದು ಮೂರೇ ಸಾಲು. ವಿಳಾಸಗಳನ್ನು ಬಿಟ್ಟು ಮೌಲ್ಯಗಳನ್ನು ಬರೆಯುತ್ತೇನೆ: 4ಸಿ ಇದ್ದಲ್ಲಿ 5ಸಿ, 61 ಇದ್ದಲ್ಲಿ 71, ಎ3 ಇದ್ದಲ್ಲಿ ಬಿ3. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಅರ್ಧ ಫೋಟೋ ಹೋಗುತ್ತದೆಯೇ?

ಹಳೇ ಮದರ್‌ಬೋರ್ಡ್

ಕಳ್ಳ ಸಿಕ್ಕಿಬಿದ್ದ. ಮೂರೂ ಜೋಡಿಗಳನ್ನು ಬೈನರಿಯಲ್ಲಿ ಬರೆದು ನೋಡಿ: 4ಸಿ ಎಂದರೆ 01001100, 5ಸಿ ಎಂದರೆ 01011100. ಎಂಟರಲ್ಲಿ ಒಂದೇ ಒಂದು ಬಿಟ್, 16ರ ಸ್ಥಾನದ್ದು, ಸೊನ್ನೆಯಿಂದ ಒಂದಾಗಿದೆ. ಉಳಿದ ಎರಡು ಜೋಡಿಗಳಲ್ಲೂ ಅದೇ ಸ್ಥಾನ, ಅದೇ ದಿಕ್ಕು. ಡಿಸ್ಕ್ ಈ ರೀತಿ ಕೆಡುವುದಿಲ್ಲ. ಡಿಸ್ಕ್ ಸೆಕ್ಟರಿನ ಲೆಕ್ಕದಲ್ಲಿ ವ್ಯವಹರಿಸುತ್ತದೆ ಮತ್ತು ಪ್ರತಿ ಸೆಕ್ಟರಿಗೂ ತಪ್ಪು ಪತ್ತೆಹಚ್ಚುವ ಸಂಕೇತ ಇಟ್ಟುಕೊಂಡಿರುತ್ತದೆ. ಅದು ಸೋತಾಗ ಸಾಮಾನ್ಯವಾಗಿ 512 ಅಥವಾ 4096 ಬೈಟುಗಳ ಇಡೀ ತುಂಡು ಓದಲು ಬಾರದೆ, ಓದುವ ದೋಷವೆಂದು ಹೇಳಿಯೇ ನಿಲ್ಲುತ್ತದೆ. ಇನ್ವರ್ಟರ್ ಅಣ್ಣನವರು ಹೇಳಿದಂತೆ ಕರೆಂಟ್ ಹೋಗಿ ಕೆಟ್ಟಿದ್ದರೆ ಫೈಲಿನ ಗಾತ್ರ ಸರಿಯಿದ್ದು ಒಳಗೆ, ಹೆಚ್ಚಾಗಿ ಕೊನೆಯಲ್ಲಿ, ಸಾಲುಸಾಲು ಸೊನ್ನೆಗಳು ಇರುತ್ತಿದ್ದವು. ಅಲ್ಲೊಂದು ಇಲ್ಲೊಂದು ಬಿಟ್ ಸದ್ದಿಲ್ಲದೆ ತಿರುಗುವುದು, ಅದೂ ಒಂದೇ ಸ್ಥಾನದ್ದು, ರ‍್ಯಾಮ್‌ನ ಲಕ್ಷಣ. ಸರ್ವರುಗಳಲ್ಲಿ ಇದನ್ನು ಹಿಡಿಯಲು ಇಸಿಸಿ ರ‍್ಯಾಮ್ ಇರುತ್ತದೆ. ಮನೆಯ ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಅರ್ಧ ಫೋಟೋ ಹೋಗಲು ಒಂದು ಬಿಟ್ ಸಾಕು. ಜೆಪೆಗ್‌ನಲ್ಲಿ ಚಿತ್ರದ ಮಾಹಿತಿಯನ್ನು ಬೇರೆಬೇರೆ ಉದ್ದದ ಸಂಕೇತಗಳಾಗಿ, ನಡುವೆ ಅಂತರವಿಲ್ಲದೆ ಒತ್ತಿ ಬರೆದಿರುತ್ತಾರೆ. ಪದಗಳ ನಡುವೆ ಜಾಗ ಬಿಡದ ಹಳಗನ್ನಡದ ಓಲೆಯನ್ನು ಓದುವಾಗ ಒಂದು ಅಕ್ಷರ ತಪ್ಪಿದರೆ ಮುಂದಿನ ಪದವಿಭಾಗವೆಲ್ಲ ಹೇಗೆ ಹಳಿ ತಪ್ಪುತ್ತದೆಯೋ ಹಾಗೆಯೇ ಇಲ್ಲೂ, ತಪ್ಪಿದ ಜಾಗದಿಂದ ಕೆಳಗೆ ಬಣ್ಣ ಬದಲಾಗುತ್ತದೆ ಅಥವಾ ಬೂದಾಗುತ್ತದೆ. ಜಿಪ್ ತನ್ನೊಳಗೆ ಸಿಆರ್‌ಸಿ ಇಟ್ಟುಕೊಂಡಿರುವುದರಿಂದ ತಪ್ಪನ್ನು ಬಾಯಿಬಿಟ್ಟು ಹೇಳುತ್ತದೆ. ಡಾಕ್ಸ್ ಫೈಲ್ ಕೂಡ ಒಳಗೊಳಗೆ ಜಿಪ್ಪೇ ಆಗಿರುವುದರಿಂದ ವರ್ಡ್ ಅದನ್ನು ತೆರೆಯಲು ನಿರಾಕರಿಸುತ್ತಿದೆ.

ಈಗ ಮಾಡಬೇಕಾದದ್ದು. ಬೇರೆ ಕಂಪ್ಯೂಟರಿನಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್ ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ದೋಷ ತೋರಿಸುವ ಒಂದೇ ಒಂದು ಕೆಂಪು ಸಾಲು ಬಂದರೂ ಅದನ್ನು ಅಲಕ್ಷಿಸುವಂತಿಲ್ಲ. ಬಂದರೆ, ಪವರ್ ಕೇಬಲ್ ಕಿತ್ತು, ಒಂದೊಂದೇ ಸ್ಟಿಕ್ ಇಟ್ಟು ಪರೀಕ್ಷಿಸಿ. ದೋಷ ತೋರಿದ ಸ್ಟಿಕ್ಕನ್ನು ಇನ್ನೊಂದು ಸ್ಲಾಟ್‌ನಲ್ಲಿ ಹಾಕಿಯೂ ನೋಡಿ. ತಪ್ಪು ಸ್ಲಾಟ್‌ನದೇ ಇರಬಹುದು. ಬಯಾಸ್‌ನಲ್ಲಿ (ಕಂಪ್ಯೂಟರ್ ಆರಂಭವಾಗುವಾಗಿನ ಸೆಟ್ಟಿಂಗುಗಳಲ್ಲಿ) ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಆಗಿದ್ದರೆ ಆಫ್ ಮಾಡಿ ಮತ್ತೊಮ್ಮೆ ಓಡಿಸಿ, ಏಕೆಂದರೆ ಬೇರೆಬೇರೆ ವೇಗದ ಎರಡು ಸ್ಟಿಕ್‌ಗಳನ್ನು ಜೋಡಿಸಿ ಓಡಿಸಿದಾಗಲೂ ಹೀಗಾಗುವುದುಂಟು. ಸ್ಟಿಕ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಸರಿಹೋಗುತ್ತದೆಂಬ ಅಂಗಡಿಗಳ ಪದ್ಧತಿ ಹಾಸ್ಯವೆನಿಸಿದರೂ, ಸಂಪರ್ಕದ ದೋಷವಾಗಿದ್ದರೆ ಒಮ್ಮೊಮ್ಮೆ ಫಲ ಕೊಟ್ಟದ್ದನ್ನು ಕಂಡಿದ್ದೇನೆ. ಉಜ್ಜಿದ ಮೇಲೂ ಮೆಮ್‌ಟೆಸ್ಟ್ ಕಡ್ಡಾಯ.

ಸರಿಯಾದ ರ‍್ಯಾಮ್ ಮಾತ್ರ ಉಳಿದ ಮೇಲೆಯೇ ಫೈಲುಗಳನ್ನು ಎಬ್ಬಿಸುವ ಕೆಲಸ. ಅಳಿಸಿದ ಫೈಲುಗಳನ್ನು ಮರಳಿ ಹುಡುಕುವ ಟೆಸ್ಟ್‌ಡಿಸ್ಕ್ ತಂತ್ರಾಂಶವನ್ನು ಡಿ ಡ್ರೈವ್ ಮೇಲೆ ಓಡಿಸಿ ಅದರ ಅನ್‌ಡಿಲೀಟ್ ಆಯ್ಕೆಯಲ್ಲಿ ನೋಡಿ. ಎನ್‌ಟಿಎಫ್‌ಎಸ್‌ನ ಪಟ್ಟಿಯಲ್ಲಿ ಹಳೆಯ ನಮೂದು ಇನ್ನೂ ಉಳಿದಿದ್ದರೆ ಫೈಲುಗಳು ಹೆಸರಿನ ಸಮೇತ ಸಿಗುತ್ತವೆ. ಅಲ್ಲಿ ಸಿಗದವುಗಳಿಗೆ ಫೋಟೋರೆಕ್. ಅದು ಹೆಸರನ್ನು ನೋಡದೆ, ಪ್ರತಿ ಜೆಪೆಗ್‌ನ ಆರಂಭದಲ್ಲಿರುವ ಗುರುತನ್ನು ಹುಡುಕಿ ತುಂಡು ತೆಗೆಯುತ್ತದೆ, ಆದ್ದರಿಂದ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ, ಡಿಸ್ಕ್‌ನಲ್ಲಿ ಚದುರಿ ಕೂತಿದ್ದ ಫೈಲ್ ಪೂರ್ತಿ ಬರುವುದೂ ಇಲ್ಲ. ಎರಡರಲ್ಲೂ ಸಿಕ್ಕಿದ್ದನ್ನು ಡಿ ಡ್ರೈವ್‌ಗೆ ಬರೆಯದೆ ಬೇರೆ ಡಿಸ್ಕ್‌ಗೇ ಬರೆಯಬೇಕು.

ಹೊಸ ರ‍್ಯಾಮ್ ಹಾಕಿದ ದಿನದಿಂದ ಈಚೆಗೆ ತಿದ್ದಿ ಸೇವ್ ಮಾಡಿದ ಫೈಲುಗಳನ್ನು ಬೇರೆಯಾಗಿ ಪಟ್ಟಿ ಮಾಡಿಕೊಳ್ಳಿ. ಅವು ಡಿ ಡ್ರೈವ್‌ನಲ್ಲೇ ಇದ್ದರೂ ಅನುಮಾನದವೇ. ವಿಂಡೋಸ್ ಕೂಡ ಇದೇ ರ‍್ಯಾಮ್ ಮೂಲಕವೇ ಇನ್‌ಸ್ಟಾಲ್ ಆಗಿದೆ. ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿದರೆ ವಿಂಡೋಸ್‌ನ ಸ್ವಂತ ಫೈಲುಗಳನ್ನು ಅದು ಸರಿಪಡಿಸುತ್ತದೆ, ನಿಮ್ಮ ಫೋಟೋಗಳಿಗೂ ಅದಕ್ಕೂ ಸಂಬಂಧವಿಲ್ಲ.

ತುಂಗಾತೀರ

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಮೆಮ್‌ಟೆಸ್ಟ್ ಆರಂಭಿಸಿ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಪರದೆಯ ತುಂಬ ಕೆಂಪು ಸಾಲುಗಳು. ಹೊಸ ಸ್ಟಿಕ್ ಎರಡೂ ಸ್ಲಾಟುಗಳಲ್ಲಿ ದೋಷ ತೋರಿತು, ಎಕ್ಸ್‌ಎಂಪಿ ಆಫ್ ಮಾಡಿದರೂ, ರಬ್ಬರಿನಿಂದ ಉಜ್ಜಿದರೂ ಬದಲಾಗಲಿಲ್ಲ. ಹಳೆಯದು ಇಡೀ ರಾತ್ರಿ ಒಂದೂ ದೋಷವಿಲ್ಲದೆ ಓಡಿತು. ಅದೊಂದನ್ನೇ ಇಟ್ಟುಕೊಂಡು ಆ ವಿಡಿಯೊದ ಹ್ಯಾಶ್ ಐದು ಬಾರಿ ತೆಗೆದೆ. ಐದೂ ಒಂದೇ, ಮೊದಲ ದಿನ ಎರಡು ಬಾರಿ ಬಂದದ್ದೇ.

ಟೆಸ್ಟ್‌ಡಿಸ್ಕ್‌ನಲ್ಲಿ ಹೆಚ್ಚಿನ ಫೋಲ್ಡರುಗಳು ಹೆಸರಿನ ಸಮೇತ ಸಿಕ್ಕವು. ಎರಡು ಫೋಲ್ಡರುಗಳ ಮೇಲೆ ನನ್ನ ಡೌನ್‌ಲೋಡುಗಳು ಬಂದು ಕೂತಿದ್ದರಿಂದ ಅವು ಪೂರ್ತಿ ಬರಲಿಲ್ಲ; ಅವುಗಳಲ್ಲಿ ಕೆಲವನ್ನು ಫೋಟೋರೆಕ್ ಎತ್ತಿಕೊಟ್ಟಿತು. ನಾಮಕರಣದ ಫೋಟೋಗಳಲ್ಲಿ ಇನ್ನೂ ಒಂಬತ್ತು ಮಾತ್ರ ಅರ್ಧವಾಗಿಯೇ ಉಳಿದಿವೆ. ವರ್ಡ್ ಫೈಲುಗಳ ಪೈಕಿ ಈ ತಿಂಗಳು ನಾನು ತಿದ್ದಿ ಸೇವ್ ಮಾಡಿದ್ದ ಮನೆ ಖರ್ಚಿನ ಲೆಕ್ಕದ್ದೊಂದು ಕೆಟ್ಟೇ ಹೋಗಿತ್ತು. ಅದರ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಸೆವೆನ್-ಜಿಪ್‌ನಿಂದ ತೆರೆದಾಗ ಒಳಗಿನ ಡಾಕ್ಯುಮೆಂಟ್ ಫೈಲಿನಲ್ಲಿ ಮುಕ್ಕಾಲು ಪಾಲು ಬರಹ ಓದುವಂತಿತ್ತು, ಅದನ್ನು ನೋಡಿ ಮತ್ತೆ ಟೈಪ್ ಮಾಡಿಕೊಂಡೆ.

ಮೆಮ್‌ಟೆಸ್ಟ್ ಪರದೆಯ ಫೋಟೋ ತೋರಿಸಿದ ಮೇಲೆ ಅಂಗಡಿಯವರು ಹೆಚ್ಚು ಮಾತಾಡದೆ ಸ್ಟಿಕ್ ಬದಲಿಸಿಕೊಟ್ಟರು. ಬದಲಿಯಾಗಿ ಬಂದದ್ದನ್ನು ಈಗಷ್ಟೇ ಹಾಕಿ, ಎರಡೂ ಡಿಸ್ಕ್‌ಗಳ ಕೇಬಲ್ ಕಿತ್ತಿಟ್ಟು, ರಾತ್ರಿಗೆ ಮೆಮ್‌ಟೆಸ್ಟ್ ಓಡಲು ಬಿಟ್ಟಿದ್ದೇನೆ.