ನಮ್ಮ ಕಡೆ ಭೂಮಿಯ ತೊಗಟೆ ಎಷ್ಟು ದಪ್ಪ?

ತೋಟದವ, ಚಿಕ್ಕಮಗಳೂರು: ಬೋರ್‌ವೆಲ್ 600 ಅಡಿ ಕೊರೆಸಿದರೂ ಬರೀ ಕಲ್ಲು. ಹಾಗಿರುವಾಗ ಇಲ್ಲಿ ತೊಗಟೆ 40 ಕಿಲೋಮೀಟರ್‌ಗೂ ಜಾಸ್ತಿ ಅಂತಾರಲ್ಲ, ಇಳಿದು ನೋಡಿದವರು ಯಾರು? ಸುಮ್ನೆ ಅಂದಾಜಾ?

ಹಾಸನದ ಮೇಷ್ಟ್ರು: ಅಂದಾಜಲ್ಲ. ಎಲ್ಲೋ ಇಂಡೋನೇಷ್ಯಾದಲ್ಲಿ ಭೂಮಿ ನಡುಗಿದರೆ ಅದರ ಪಿ ಅಲೆ (ಎಲ್ಲಕ್ಕಿಂತ ವೇಗವಾಗಿ ಬರುವ ಕಂಪನ) ನಮ್ಮ ಕೆಳಗಿನಿಂದ ಮೇಲೆ ಬರುತ್ತದೆ, ತೊಗಟೆಯ ತಳ ದಾಟುವಾಗ ಒಂದು ಪಾಲು ಎಸ್ ಅಲೆ ಅನ್ನುವ ಬೇರೆ ಬಗೆಯ ಕಂಪನವಾಗುತ್ತದೆ, ಅದು ನಿಧಾನ, ಹಾಗಾಗಿ ಸಿಸ್ಮೋಮೀಟರ್‌ಗೆ (ನೆಲದ ನಡುಕ ಅಳೆಯುವ ಯಂತ್ರ) ಪಿ ಅಲೆಗಿಂತ ಐದಾರು ಸೆಕೆಂಡ್ ತಡವಾಗಿ ಮುಟ್ಟುತ್ತದೆ. ತಡ ಜಾಸ್ತಿಯಾದಷ್ಟೂ ತೊಗಟೆ ದಪ್ಪ.

ಗುಡ್ಡದಾಚೆ: ಮಿಂಚು ಗುಡುಗಿನ ನಡುವೆ ಎಣಿಸಿದ ಹಾಗೆ ಅಲ್ವಾ? ತಳ ಇದೆ ಅಂತ ಗೊತ್ತಾದದ್ದು ಹೇಗೆ?

ಹಾಸನದ ಮೇಷ್ಟ್ರು: ಹೆಚ್ಚುಕಡಿಮೆ ಹಾಗೇ. 1909ರಲ್ಲಿ ಕ್ರೊವೇಷಿಯಾದ ವಿಜ್ಞಾನಿ ಮೊಹೊರೊವಿಚಿಚ್ (ನಾಲಿಗೆ ಹೊರಳದಿದ್ದರೆ ಮೋಹೋ ಅನ್ನಿ) ಒಂದೇ ಭೂಕಂಪದ ಪಿ ಅಲೆ ಎರಡು ಸಲ ಬಂದದ್ದು ಕಂಡರು: ಒಂದು ತೊಗಟೆಯೊಳಗೇ ಬಂದದ್ದು, ಇನ್ನೊಂದು ತಳದ ಕೆಳಗೆ ಇಳಿದು ಸುತ್ತಿ ಬಂದದ್ದು. ತೊಗಟೆಯಲ್ಲಿ ವೇಗ ಸೆಕೆಂಡಿಗೆ 6-7 ಕಿಲೋಮೀಟರ್, ಕೆಳಗೆ ಸುಮಾರು 8. ದೂರದ ಊರಿಗೆ ಬೈಪಾಸ್ ಹಿಡಿದವನೇ ಮೊದಲು ಮುಟ್ಟುತ್ತಾನೆ.